ಹೊಸ ವೈದ್ಯರಿಗೂ ಕೋಚ್ ಬೇಕೆ?

ಪ್ರಶ್ನೆ: ಸ್ನಾತಕೋತ್ತರ ಪದವಿ ಮುಗಿಸಿ ಸ್ವತಂತ್ರವಾಗಿ ರೋಗಿಗಳನ್ನು ನೋಡಲಾರಂಭಿಸಿ ಒಂದು ವರ್ಷವಾಯಿತು. ರೋಗನಿರ್ಣಯದಲ್ಲಿ ತೊಡಕಿಲ್ಲ, ಆದರೆ ಕೆಟ್ಟ ಸುದ್ದಿಯನ್ನು ರೋಗಿಯ ಮನೆಯವರಿಗೆ ತಿಳಿಸುವಾಗ ತಡವರಿಸುತ್ತೇನೆ, ಪಾಳಿ ಮುಗಿದ ಮೇಲೂ ಮನಸ್ಸು ವಾರ್ಡಿನಲ್ಲೇ ಉಳಿಯುತ್ತದೆ. ಗೆಳತಿಯೊಬ್ಬಳು ವೃತ್ತಿ ಕೋಚಿಂಗ್, ಅಂದರೆ ಕೆಲಸದಲ್ಲಿನ ತೊಡಕುಗಳನ್ನು ಕೋಚ್ ಒಬ್ಬರೊಂದಿಗೆ ಮಾತಾಡಿ ತಿದ್ದಿಕೊಳ್ಳುವ ನೆರವು, ಪಡೆಯಲು ಹೇಳುತ್ತಿದ್ದಾಳೆ. ವಿಭಾಗದಲ್ಲಿ ಹಿರಿಯರಿರುವಾಗ ಇದು ಅಗತ್ಯವೇ? ನಾನು ಅಸಮರ್ಥಳೆಂದು ಒಪ್ಪಿಕೊಂಡಂತಾಗುವುದಿಲ್ಲವೇ?

ಉತ್ತರ: ಖಂಡಿತ ಆಗುವುದಿಲ್ಲ. ಶಸ್ತ್ರವೈದ್ಯ ಅತುಲ್ ಗವಾಂಡೆ ಎಂಟು ವರ್ಷ ಕೆಲಸ ಮಾಡಿದ ಮೇಲೆ, ನಿವೃತ್ತರಾಗಿದ್ದ ತಮ್ಮ ಗುರುಗಳೊಬ್ಬರನ್ನು ಶಸ್ತ್ರಚಿಕಿತ್ಸಾ ಕೊಠಡಿಗೆ ಕರೆದು ತಮ್ಮ ಕೆಲಸವನ್ನು ಗಮನಿಸಲು ಕೇಳಿಕೊಂಡದ್ದನ್ನು 2011ರಲ್ಲಿ ಬರೆದಿದ್ದಾರೆ. ಚೆನ್ನಾಗಿಯೇ ನಡೆಯಿತೆಂದು ಅವರು ಭಾವಿಸಿದ್ದ ಆ ಶಸ್ತ್ರಚಿಕಿತ್ಸೆಯಲ್ಲಿ ಮೊಣಕೈ ಆಗಾಗ ಭುಜದೆತ್ತರಕ್ಕೆ ಏರುತ್ತಿದ್ದುದನ್ನೂ, ದೀಪದ ಬೆಳಕು ಗಾಯದಿಂದ ಸರಿದು ಸುಮಾರು ಅರ್ಧ ಗಂಟೆ ಹಾಗೆಯೇ ಇದ್ದುದನ್ನೂ ಗುರುಗಳು ಗುರುತಿಸಿದ್ದರು. ಕೆಲಸದಲ್ಲಿ ಮುಳುಗಿದವರ ಕಣ್ಣಿಗೆ ಬೀಳದಂಥ ಸಂಗತಿಗಳಿವು.

ನಿಮ್ಮ ವಿಭಾಗದ ಹಿರಿಯರು ತಮ್ಮ ಅನುಭವದಿಂದ ದಾರಿ ಹೇಳುತ್ತಾರೆ. ಅದರ ಬೆಲೆ ದೊಡ್ಡದು. ಆದರೆ ನಿಮ್ಮ ಕೆಲಸದ ವರದಿ ಬರೆಯುವವರೂ ಅವರೇ ಆಗಿದ್ದರೆ, ಅವರೆದುರು ನಿಮ್ಮ ಅಂಜಿಕೆಯನ್ನು ಬಿಚ್ಚಿಡುವುದು ಸುಲಭವಲ್ಲ. ಕೋಚ್ ಆದವರು ಸಲಹೆಗಿಂತ ಹೆಚ್ಚಾಗಿ ಪ್ರಶ್ನೆ ಕೇಳುತ್ತಾರೆ. ಉದಾಹರಣೆಗೆ, ಸಾವಿನ ಸುದ್ದಿ ಹೇಳುವಾಗ ನೀವು ಕುಳಿತಿದ್ದಿರೋ ನಿಂತಿದ್ದಿರೋ, ಮನೆಯವರು ಮೊದಲ ಮಾತಾಡುವ ಮುನ್ನ ನೀವೆಷ್ಟು ವಾಕ್ಯ ಹೇಳಿದ್ದಿರಿ ಎಂದು ಕೇಳಬಹುದು. ಮೌನಕ್ಕೆ ಹೆದರಿ ವೈದ್ಯಕೀಯ ವಿವರಗಳನ್ನು ಒಂದರ ಮೇಲೊಂದು ಹೇಳುತ್ತಾ ಹೋದದ್ದು ಆಗ ನಿಮಗೇ ಹೊಳೆಯುತ್ತದೆ, ಮುಂದಿನ ಸಲ ಏನು ಮಾಡಬೇಕೆಂಬುದನ್ನೂ ನೀವೇ ನಿರ್ಧರಿಸುತ್ತೀರಿ.

ಇದರಿಂದ ಪ್ರಯೋಜನವಾದದ್ದಕ್ಕೆ ಆಧಾರವೂ ಇದೆ. ಅಮೆರಿಕದ ಆಸ್ಪತ್ರೆ ಸಂಸ್ಥೆಯಾದ ಮೇಯೊ ಕ್ಲಿನಿಕ್‌ನ 88 ವೈದ್ಯರನ್ನು ಒಳಗೊಂಡ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧದಷ್ಟು ಮಂದಿಗೆ ಕೆಲವು ತಿಂಗಳ ಅವಧಿಯಲ್ಲಿ ಒಟ್ಟು ಮೂರೂವರೆ ಗಂಟೆಯಷ್ಟು ಕೋಚಿಂಗ್ ದೊರೆತಿತ್ತು. ಅವರ ಭಾವನಾತ್ಮಕ ಬಳಲಿಕೆ ಇಳಿದರೆ, ಉಳಿದವರಲ್ಲಿ ತುಸು ಏರಿತು. ಆದರೆ ಕೆಲಸದ ತೃಪ್ತಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನನ್ನ ಮಟ್ಟಿಗೆ ಇದು ಮುಖ್ಯವಾದ ಅಂಶ: ಸಿಬ್ಬಂದಿಯ ಕೊರತೆಯನ್ನೂ ಮುಗಿಯದ ಪಾಳಿಗಳನ್ನೂ ಯಾವ ಕೋಚ್ ಕೂಡ ನೀಗಿಸಲಾರರು, ಆ ಹೊರೆಯನ್ನು ವೈದ್ಯರ ಮನೋಬಲದ ಮೇಲೆ ಹೊರಿಸುವುದು ಅನ್ಯಾಯ.

ಕೋಚ್ ಅವರನ್ನು ಆರಿಸುವಾಗ, ನಿಮ್ಮ ಮಾತು ಆಸ್ಪತ್ರೆಯ ಆಡಳಿತಕ್ಕೆ ತಲುಪುವುದಿಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ವೈದ್ಯರೊಂದಿಗೆ ಕೆಲಸ ಮಾಡಿದ ಅನುಭವವಿದೆಯೇ ಎಂದೂ ವಿಚಾರಿಸಿ. ನಿದ್ರೆ ಕೆಟ್ಟು, ಯಾವುದರಲ್ಲೂ ಆಸಕ್ತಿಯಿಲ್ಲದೆ ವಾರಗಳೇ ಕಳೆಯುತ್ತಿದ್ದರೆ ಅಥವಾ ಬದುಕೇ ಬೇಡವೆನಿಸಿದರೆ, ಕೋಚಿಂಗ್‌ಗೆ ಕಾಯದೆ ಮನೋವೈದ್ಯರನ್ನು ಕೂಡಲೇ ಕಾಣಿರಿ. ಅಂಥ ತೊಂದರೆ ಇಲ್ಲವೆಂದಾದರೆ, ಇತ್ತೀಚೆಗೆ ನೀವು ತಡವರಿಸಿದ ಒಂದು ಸಂಭಾಷಣೆಯನ್ನು, ರೋಗಿಯ ಗುರುತು ಬಿಟ್ಟು, ನೆನಪಿರುವಷ್ಟು ಬರೆದುಕೊಂಡು ಮೊದಲ ಭೇಟಿಗೆ ಹೋಗಿ.