ಎರಡು ಊರಿನ ಒಂದು ಶಾಲೆ: ಯಾರ ದುಡ್ಡು, ಯಾರ ಮಾತು?

ಶಿವಮೊಗ್ಗದಿಂದ ನಿವೃತ್ತ ಮೇಷ್ಟ್ರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಮಗಳು-ಅಳಿಯ ಅಮೆರಿಕದ ನ್ಯೂಜೆರ್ಸಿಯಲ್ಲಿ, ಪ್ಲೇನ್ಸ್‌ಬರೋ ಅನ್ನೋ ಊರಲ್ಲಿ ಮನೆ ತಗೊಂಡಿದ್ದಾರೆ. ಒಳ್ಳೆ ಶಾಲೆ ಇದೆ ಅಂತಲೇ ತಗೊಂಡದ್ದು. ಈಗ ನೋಡಿದರೆ ಮನೆ ತೆರಿಗೆಯಲ್ಲಿ ದೊಡ್ಡ ಪಾಲು ಶಾಲೆಗೇ ಹೋಗುತ್ತದೆ, ಆ ಶಾಲಾ ವ್ಯವಸ್ಥೆಯಲ್ಲಿ ಪಕ್ಕದ ವೆಸ್ಟ್ ವಿಂಡ್ಸರ್‌ಗೂ ಪಾಲಿದೆ, ಆಡಳಿತ ಮಂಡಳಿಯಲ್ಲಿ ಆ ಊರಿಗೆ 5 ಸ್ಥಾನ, ಇವರಿಗೆ 4. "ನಮ್ಮ ದುಡ್ಡಲ್ಲಿ ಪಕ್ಕದೂರಿನ ಮಕ್ಕಳು ಓದಬೇಕೆ? ಸಾಲದ್ದಕ್ಕೆ ಪರೀಕ್ಷೆಯನ್ನೇ ತೆಗೆದುಹಾಕಿದ್ದಾರಂತೆ!" ಅಂತ ಕೇಳಿದ್ದಾರೆ.

ಮೇಷ್ಟ್ರೇ, ದುಡ್ಡಿನ ಮಾತು ಮೊದಲು. ಈ ಎರಡೂ ಊರು ಒಂದು ಕಾಲಕ್ಕೆ ಹೊಲ, ಹೈನುಗಾರಿಕೆಯ ಊರುಗಳು. ಪ್ಲೇನ್ಸ್‌ಬರೋದಲ್ಲಿ ವಾಕರ್-ಗಾರ್ಡನ್ ಅನ್ನೋ ದೊಡ್ಡ ಡೈರಿ ಇತ್ತು. ವೆಸ್ಟ್ ವಿಂಡ್ಸರ್ ಮಕ್ಕಳು ಹೈಸ್ಕೂಲಿಗೆ ಪ್ರಿನ್ಸ್‌ಟನ್‌ಗೆ ಹೋಗಬೇಕಿತ್ತು. ಒಬ್ಬೊಬ್ಬರಿಂದ ಹೈಸ್ಕೂಲು ಕಟ್ಟಿ ನಡೆಸೋದು ಕಷ್ಟ ಅಂತ ಎರಡೂ ಊರು ಕೈಜೋಡಿಸಿದವು. 1973ರಲ್ಲಿ ಸ್ವಂತ ಹೈಸ್ಕೂಲು ಶುರುವಾಯಿತು. ಹೊಲಗಳೆಲ್ಲ ಬಡಾವಣೆಗಳಾಗಿ ಜನ ಜಾಸ್ತಿಯಾದ ಮೇಲೆ, 1997ರಲ್ಲಿ ಎರಡನೆಯದು. ಸೌತ್ ಹೈಸ್ಕೂಲು ವೆಸ್ಟ್ ವಿಂಡ್ಸರ್‌ನಲ್ಲಿದೆ, ನಾರ್ತ್ ಇರೋದು ನಿಮ್ಮ ಮಗಳ ಊರಲ್ಲೇ. ಇನ್ನೊಂದು ವಿಷಯ, ಈ ಎರಡು ಊರು ಒಂದೇ ಜಿಲ್ಲೆಯಲ್ಲೂ ಇಲ್ಲ. ಒಂದು ಮರ್ಸರ್ ಕೌಂಟಿ, ಇನ್ನೊಂದು ಮಿಡಲ್‌ಸೆಕ್ಸ್. ಪೊಲೀಸರು ಬೇರೆ, ಪುರಸಭೆ ಬೇರೆ, ಕೌಂಟಿ ತೆರಿಗೆಯೂ ಬೇರೆ. ಶಾಲೆಗಳ ಆಡಳಿತ ಮಾತ್ರ ಒಂದೇ.

ಹಾಗಾದರೆ ಖರ್ಚು ಹಂಚೋದು ಹೇಗೆ? ಮಕ್ಕಳ ತಲೆ ಎಣಿಸಿ ಅಲ್ಲ. ಎರಡೂ ಊರಿನ ಆಸ್ತಿಗಳ ಒಟ್ಟು ಮಾರುಕಟ್ಟೆ ಬೆಲೆ ಲೆಕ್ಕ ಹಾಕಿ, ಆ ಪ್ರಮಾಣದಲ್ಲಿ ಹಂಚುತ್ತಾರೆ. ಅದಕ್ಕೇ ಒಂದು ವರ್ಷ ವೆಸ್ಟ್ ವಿಂಡ್ಸರ್‌ನಲ್ಲಿ ಮನೆ ಬೆಲೆ ಜೋರಾಗಿ ಏರಿದರೆ ಅವರ ಪಾಲು ಹೆಚ್ಚಾಗಿ ಇವರದ್ದು ಇಳಿಯಬಹುದು, ಮರುವರ್ಷ ಉಲ್ಟಾ ಆಗಬಹುದು, ಬಜೆಟ್ ಒಂದು ಪೈಸೆ ಬದಲಾಗದಿದ್ದರೂ. ಬಿಲ್ಲು ನೋಡಿ "ನಮ್ಮ ದುಡ್ಡು ಅವರಿಗೆ ಹೋಯಿತು" ಅನ್ನಿಸೋದು ಇಲ್ಲೇ. ನಿಜವಾಗಿ ಅದು ಯಾರ ಜೇಬಿನಿಂದಲೂ ಕದ್ದದ್ದಲ್ಲ.

5-4 ಕೂಡ ಅನ್ಯಾಯವಲ್ಲ. ಸ್ಥಾನ ಹಂಚೋದು ಜನಗಣತಿ ಪ್ರಕಾರ. 2020ರಲ್ಲಿ ವೆಸ್ಟ್ ವಿಂಡ್ಸರ್‌ನಲ್ಲಿ 29 ಸಾವಿರದ ಮೇಲೆ ಜನ, ಪ್ಲೇನ್ಸ್‌ಬರೋದಲ್ಲಿ 24 ಸಾವಿರ. ನೀವೇ ಭಾಗಿಸಿ ನೋಡಿ, ಸರಿಹೋಗುತ್ತೆ.

ಈಗ ಪರೀಕ್ಷೆ. ಇದರ ಬಗ್ಗೆ ನಾನು ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ. 2015ರಲ್ಲಿ ಅಲ್ಲಿನ ಸೂಪರಿಂಟೆಂಡೆಂಟ್ (ಎಲ್ಲ ಶಾಲೆಗಳ ಮುಖ್ಯಾಧಿಕಾರಿ) ಡೇವಿಡ್ ಆಡರ್‌ಹೋಲ್ಡ್ ಪೋಷಕರಿಗೆ 16 ಪುಟದ ಪತ್ರ ಬರೆದರು. ಹಿಂದಿನ ಒಂದೇ ಶಾಲಾ ವರ್ಷದಲ್ಲಿ 120 ಮಕ್ಕಳನ್ನು ಮಾನಸಿಕ ಆರೋಗ್ಯ ತಪಾಸಣೆಗೆ ಕಳಿಸಬೇಕಾಯಿತು, 40 ಮಕ್ಕಳು ಆಸ್ಪತ್ರೆ ಸೇರಿದರು. ಮಾರ್ಕ್ಸಿನ ಒತ್ತಡಕ್ಕೆ ಮಕ್ಕಳು ಬೇಯುತ್ತಿದ್ದಾರೆ ಅನ್ನೋದು ಅವರ ಆತಂಕ. ಹೈಸ್ಕೂಲಿನ ಮಧ್ಯವಾರ್ಷಿಕ, ವಾರ್ಷಿಕ ಪರೀಕ್ಷೆ ಕೈಬಿಟ್ಟರು. ತರಗತಿಯ ಟೆಸ್ಟುಗಳು ಎಲ್ಲೂ ಹೋಗಲಿಲ್ಲ. ಕೆಲವು ರಾತ್ರಿ ಹೋಮ್‌ವರ್ಕ್ ಇಲ್ಲ ಅಂದರು. ನಾಲ್ಕು-ಐದನೇ ಕ್ಲಾಸಿನ ಮುಂದುವರಿದ ಗಣಿತದ ತಂಡ ನಿಲ್ಲಿಸಿದರು. ಸಂಗೀತಕ್ಕೆ ಸೇರಲು ಚೆನ್ನಾಗಿ ನುಡಿಸಲೇಬೇಕು ಅಂತಿಲ್ಲ, ಪಿಟೀಲು ಕಿರ್ ಅಂದರೂ ಪರವಾಗಿಲ್ಲ, ಆಸೆ ಇದ್ದವರೆಲ್ಲ ಬನ್ನಿ ಅಂದರು.

ಆಗ ಮಕ್ಕಳಲ್ಲಿ ನೂರಕ್ಕೆ 65 ಮಂದಿ ಏಷ್ಯಾ ಮೂಲದವರು, ಬಹುಪಾಲು ಭಾರತ, ಚೀನಾದಿಂದ ಬಂದವರ ಮಕ್ಕಳು. ವಿರೋಧ ಜಾಸ್ತಿ ಬಂದದ್ದೂ ಆ ಮನೆಗಳಿಂದಲೇ. ಎಲ್ಲರೂ ಅಲ್ಲ, ಒಪ್ಪಿದವರೂ ಇದ್ದರು. ವಿರೋಧಿಸಿದವರ ಭಯ ನನಗೆ ಅರ್ಥವಾಗುತ್ತೆ. ಓದಿನ ಬಲದ ಮೇಲೆಯೇ ಅಷ್ಟು ದೂರ ಹೋದವರು, ಆ ಏಣಿಯನ್ನೇ ಎಳೆದುಕೊಂಡರೆ ಹೇಗೆ ಅನ್ನಿಸದೇ ಇರುತ್ತಾ? ಆದರೂ 40 ಮಕ್ಕಳು ಆಸ್ಪತ್ರೆಯಲ್ಲಿರುವಾಗ ಆ ಸೂಪರಿಂಟೆಂಡೆಂಟ್ ಸುಮ್ನೆ ಕೂರಲಿಲ್ಲವಲ್ಲ, ಅದು ಸರಿ. ನೀವು ಮೂವತ್ತು-ನಲವತ್ತು ವರ್ಷ ಎಸ್ಸೆಸ್ಸೆಲ್ಸಿ ಮಕ್ಕಳ ಮುಖ ನೋಡಿದವರು, ನಿಮಗೆ ನಾನು ಹೇಳಬೇಕಾ?

ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ನಿಮ್ಮ ಪತ್ರದ ಕೊನೆಯ ಸಾಲು. "ಅಳಿಯನಿಗೆ ವೋಟಿಲ್ಲ, ಹಾಗಾಗಿ ಆ ಸಭೆಗಿಭೆಗೆ ಹೋಗಲ್ಲ" ಅಂದಿದ್ದೀರಿ. ವೀಸಾದ ಮೇಲಿರುವವರು, ಗ್ರೀನ್ ಕಾರ್ಡಿನವರು ಮಂಡಳಿಯ ಚುನಾವಣೆಯಲ್ಲಿ ವೋಟು ಹಾಕೋ ಹಾಗಿಲ್ಲ, ಅದು ಪೌರರಿಗೆ ಮಾತ್ರ. ಆದರೆ ಮಂಡಳಿಯ ಸಭೆಗೆ ಹೋಗಿ ಮಾತಾಡೋಕೆ ವೋಟು ಬೇಕಿಲ್ಲ! ಮೈಕಿನ ಮುಂದೆ ನಿಂತು ಹೆಸರು, ಊರು ಹೇಳಿ ನಾಲ್ಕು ಮಾತಾಡಬಹುದು. ಇನ್ನೊಂದು ಗೊತ್ತಿರಲಿ: ಶಾಲಾ ಚುನಾವಣೆ ನವೆಂಬರ್‌ನಲ್ಲಿ ನಡೆಯುವ ಊರುಗಳಲ್ಲಿ, ತೆರಿಗೆ ಏರಿಕೆ ಶೇ. 2ರ ಮಿತಿಯೊಳಗಿದ್ದರೆ ಬಜೆಟ್ ಜನರ ವೋಟಿಗೆ ಬರೋದೇ ಇಲ್ಲ. ಇಲ್ಲೂ ಅದೇ. ಅಂದರೆ ಬಜೆಟ್ ಬಗ್ಗೆ ಪೌರನಿಗೂ ನಿಮ್ಮ ಅಳಿಯನಿಗೂ ಇರುವ ಜಾಗ ಹೆಚ್ಚುಕಡಿಮೆ ಒಂದೇ, ಆ ಮೈಕು. ಕರಡು ಬಜೆಟ್ ಮಾರ್ಚ್‌ನಲ್ಲಿ ಬರುತ್ತೆ, ಸಾರ್ವಜನಿಕ ವಿಚಾರಣೆ ಏಪ್ರಿಲ್ ಕೊನೆ ಅಥವಾ ಮೇ ಶುರುವಿನಲ್ಲಿ. ಯಾವ ಶಾಲೆಗೆ ಕೌನ್ಸೆಲರ್ ಬೇಕು, ಯಾವ ಬಸ್ ಮಾರ್ಗ ಕಡಿತ ಅನ್ನೋದೆಲ್ಲ ಬಜೆಟ್ಟಿನ ಒಳಗೇ ಇರುತ್ತೆ. ಆ ತಾರೀಕನ್ನು ಮಗಳಿಗೆ ಈಗಲೇ ಬರೆದಿಟ್ಟುಕೊಳ್ಳೋಕೆ ಹೇಳಿ. ನೀವೂ ಆ ಹೊತ್ತಿಗೆ ಅಲ್ಲೇ ಇದ್ದರೆ ಜೊತೆಗೆ ಹೋಗಿ, ಸಭೆ ಎಲ್ಲರಿಗೂ ತೆರೆದಿರುತ್ತೆ. ಅಲ್ಲಿ ಏನು ನಡೀತು ಅಂತ ನಮಗೂ ಬರೆಯಿರಿ.