ಸೆಲ್ಲೊವನ್ನೇ ಜೋಳಿಗೆ ಮಾಡಿಕೊಂಡ ಮಕ್ಕಳ ವೈದ್ಯ

ನಿಮ್ಮ ಅಣ್ಣ ಮಕ್ಕಳ ವೈದ್ಯರು, ಚೆನ್ನಾಗಿ ನಡೆಯುತ್ತಿರುವ ಕ್ಲಿನಿಕ್ ಮುಚ್ಚಿ ಸೇವೆಗೆ ಇಳಿಯುತ್ತೇನೆ ಎನ್ನುತ್ತಿದ್ದಾರೆ, ಹಾಗೆ ಮಾಡಿದವರ ಬದುಕು ಹೇಗಿತ್ತು ಎಂದು ಕೇಳಿದ್ದೀರಿ. ಅಂಥ ಒಬ್ಬರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರ ಆಸ್ಪತ್ರೆಗೆ ಒಂದು ಚೀಲ ರಕ್ತವನ್ನೂ ಕೊಟ್ಟು ಬಂದಿದ್ದೇನೆ. ಅವರ ಹೆಸರು ಡಾ. ಬೆಯಾಟ್ ರಿಖ್ನರ್.

ರಿಖ್ನರ್ ಹುಟ್ಟಿದ್ದು 1947ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಮಕ್ಕಳ ವೈದ್ಯರಾದ ಮೇಲೆ 1974ರಲ್ಲಿ ಸ್ವಿಸ್ ರೆಡ್ ಕ್ರಾಸ್ ಅವರನ್ನು ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ಗೆ ಕಳುಹಿಸಿತು. ಅಲ್ಲಿ ಕಂಥಾ ಬೊಫಾ ಎಂಬ ಮಕ್ಕಳ ಆಸ್ಪತ್ರೆಯಿತ್ತು. ಆ ಹೆಸರು ನಮ್ಮ ಕಿವಿಗೆ ಅಪರಿಚಿತ ಅನಿಸಬಹುದು, ಆದರೆ ಅದು ನಮ್ಮ ಗಂಧ, ಪುಷ್ಪಗಳೇ. ಸಿಹಾನೂಕ್ ದೊರೆಯ ಪುಟ್ಟ ಮಗಳ ಹೆಸರದು. ರಕ್ತದ ಕ್ಯಾನ್ಸರ್‌ನಿಂದ ನಾಲ್ಕು ವರ್ಷಕ್ಕೇ ತೀರಿಕೊಂಡ ಆ ಮಗುವಿನ ನೆನಪಿನಲ್ಲಿ ಆಸ್ಪತ್ರೆ ಕಟ್ಟಿಸಿದ್ದರು. 1975ರ ಏಪ್ರಿಲ್‌ನಲ್ಲಿ ಖ್ಮೇರ್ ರೂಜ್ ಎಂಬ ಉಗ್ರ ಕಮ್ಯುನಿಸ್ಟ್ ಪಡೆಗಳು ನಗರವನ್ನು ಹಿಡಿದವು, ಅದಕ್ಕೆ ಮೊದಲೇ ರಿಖ್ನರ್ ದೇಶ ಬಿಡಬೇಕಾಯಿತು. ಅವರ ಜೊತೆ ಕೆಲಸ ಮಾಡಿದವರಲ್ಲಿ ಎಷ್ಟೋ ಮಂದಿ ಮುಂದಿನ ನಾಲ್ಕು ವರ್ಷಗಳ ನರಮೇಧದಲ್ಲಿ ಅಳಿದುಹೋದರು.

ಜ್ಯೂರಿಕ್‌ಗೆ ಮರಳಿ ಅವರು ಸ್ವಂತ ಚಿಕಿತ್ಸಾಲಯ ತೆರೆದರು. ಬಿಡುವಿನಲ್ಲಿ ಸೆಲ್ಲೊ ಎಂಬ ದೊಡ್ಡ ಪಿಟೀಲಿನಂಥ ವಾದ್ಯ ನುಡಿಸುತ್ತ, ವಿದೂಷಕನ ವೇಷ ಹಾಕಿಕೊಂಡು, 'ಬೆಯಾಟೊಚೆಲ್ಲೊ' ಎಂಬ ಹೆಸರಿನಲ್ಲಿ ವೇದಿಕೆ ಏರುತ್ತಿದ್ದರು. ಕೈತುಂಬ ಕೆಲಸ, ಒಳ್ಳೆಯ ಹೆಸರು, ಎಲ್ಲವೂ ಇತ್ತು. 1991ರ ಕೊನೆಯಲ್ಲಿ ಅವರು ಮತ್ತೆ ಕಾಂಬೋಡಿಯಾಕ್ಕೆ ಹೋದಾಗ, ಪಾಳುಬಿದ್ದಿದ್ದ ಕಂಥಾ ಬೊಫಾವನ್ನು ಮತ್ತೆ ಎತ್ತಿ ನಿಲ್ಲಿಸಿ ಎಂದು ಸಿಹಾನೂಕ್ ಕೇಳಿಕೊಂಡರು. ಅವರು ಒಪ್ಪಿದರು. 1992ರ ನವೆಂಬರ್‌ನಲ್ಲಿ ಆಸ್ಪತ್ರೆಯ ಬಾಗಿಲು ತೆರೆಯಿತು. ಮುಂದೆ ಅದು ಐದು ಆಸ್ಪತ್ರೆಗಳಾಗಿ ಬೆಳೆಯಿತು. ಯಾವುದರಲ್ಲೂ ರೋಗಿಯಿಂದ ಒಂದು ಕಾಸೂ ಪಡೆಯುವುದಿಲ್ಲ.

ನಾನು ದಾವಣಗೆರೆಯ ಒಂದು ರಕ್ತನಿಧಿಯಲ್ಲಿ ತಂತ್ರಜ್ಞಳು. 2013ರ ಆಗಸ್ಟ್‌ನಲ್ಲಿ ತಂಗಿಯ ಜೊತೆ ಕಾಂಬೋಡಿಯಾದ ಪ್ರಾಚೀನ ಆಂಕೋರ್ ದೇವಾಲಯ ನೋಡಲು ಸಿಯೆಮ್ ರೀಪ್‌ಗೆ ಹೋಗಿದ್ದೆ. ದೇವಾಲಯಕ್ಕೆ ಹೋಗುವ ದಾರಿಯಲ್ಲೇ ಅವರ ಇನ್ನೊಂದು ಆಸ್ಪತ್ರೆ, 1999ರಲ್ಲಿ ಆರಂಭವಾದ 'ಜಯವರ್ಮನ್ 7' ಇದೆ. ಹೊರಗೆ ರಕ್ತದಾನದ ಮನವಿ. ನನ್ನ ಕಾಲು ಅಲ್ಲೇ ನಿಂತಿತು. ಅಂದು ಶನಿವಾರ, ಸಂಜೆ ಸೆಲ್ಲೊ ಕಛೇರಿ ಎಂದರು, ಪ್ರವೇಶ ಉಚಿತ.

ವೇದಿಕೆಗೆ ಬಂದದ್ದು ಸ್ವತಃ ರಿಖ್ನರ್, ದಪ್ಪ ಮೈಯ, ದುಂಡು ಕನ್ನಡಕದ ಮನುಷ್ಯ. ಜರ್ಮನ್ ಸಂಗೀತಗಾರ ಬಾಖ್‌ನ ಒಂದು ಕೃತಿ ನುಡಿಸಿ, ಕಮಾನನ್ನು ಪಕ್ಕಕ್ಕಿಟ್ಟು ಮಾತಿಗೆ ತೊಡಗಿದರು. ಡೆಂಗಿ ಹಾವಳಿಯ ಕಾಲದಲ್ಲಿ ವಾರ್ಡುಗಳು ಹೇಗೆ ತುಂಬಿ ತುಳುಕುತ್ತವೆ ಎಂದು ವಿವರಿಸಿದರು. ಕೊನೆಗೆ ಕೇಳಿದ್ದು ಇಷ್ಟೇ: ವಯಸ್ಸಾದವರು ಹಣ ಕೊಡಿ, ಎಳೆಯರು ರಕ್ತ ಕೊಡಿ, ನಡುವಿನವರು ಎರಡನ್ನೂ ಕೊಡಿ. ನನಗಾಗ 38, ಎರಡನ್ನೂ ಕೊಟ್ಟೆ. ಮರುದಿನ ಬೆಳಿಗ್ಗೆ ಚೀಲಕ್ಕೆ ಚೀಟಿ ಅಂಟಿಸುತ್ತಿದ್ದ ಹುಡುಗಿಯ ಕೈಯನ್ನೇ ನೋಡುತ್ತ ಮಲಗಿದ್ದೆ. ಚೀಲದ ಮೇಲಿನ ಸಂಖ್ಯೆಯನ್ನೂ ಪರೀಕ್ಷೆಯ ಕೊಳವೆಗಳ ಸಂಖ್ಯೆಯನ್ನೂ ಎರಡು ಸಲ ಹೋಲಿಸಿ, ಬೆರಳಿಟ್ಟು ಓದಿ, ಆಮೇಲೆಯೇ ಸೂಜಿ ತೆಗೆದಳು. ನಮ್ಮಲ್ಲಿ ಹೊಸಬರಿಗೆ ನಾನು ಕಲಿಸುವುದೂ ಇದನ್ನೇ.

ಡೆಂಗಿಯಲ್ಲಿ ಮಗುವಿಗೆ ನಿಜವಾದ ಗಂಡಾಂತರ ಬರುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ. ತಾಯಿ ಉಸ್ಸಪ್ಪಾ ಎನ್ನುವಾಗಲೇ ರಕ್ತನಾಳಗಳಿಂದ ದ್ರವ ಸೋರತೊಡಗುತ್ತದೆ, ನಾಡಿ ಕ್ಷೀಣಿಸುತ್ತದೆ, ಕೈಕಾಲು ತಣ್ಣಗಾಗುತ್ತವೆ. ಆ ಒಂದೆರಡು ದಿನ ಗಂಟೆ ಗಂಟೆಗೂ ನೋಡಿಕೊಂಡು ದ್ರವವನ್ನು ಹದವಾಗಿ ಏರಿಸಿದರೆ, ರಕ್ತಸ್ರಾವವಾದಾಗ ರಕ್ತ ಸಿಕ್ಕರೆ, ಮಗು ಉಳಿಯುತ್ತದೆ. ಇದಕ್ಕೆ ಪವಾಡ ಬೇಕಿಲ್ಲ. ನಿದ್ದೆಗೆಟ್ಟು ಕಾಯುವ ದಾದಿಯರು ಬೇಕು. ಆ ದಾದಿಯರಿಗೆ ಮನೆ ನಡೆಯುವಷ್ಟು ಸಂಬಳ ಬೇಕು. ಕಾಂಬೋಡಿಯಾದಲ್ಲಿ ಸರ್ಕಾರಿ ಸಂಬಳದಿಂದ ಹೊಟ್ಟೆ ತುಂಬದೆ ಸಿಬ್ಬಂದಿ ರೋಗಿಗಳ ಮುಂದೆ ಕೈಚಾಚುತ್ತಿದ್ದ ಕಾಲದಲ್ಲಿ, ರಿಖ್ನರ್ ಬದುಕಲು ಸಾಲುವಷ್ಟು ಸಂಬಳ ಕೊಟ್ಟು ಲಂಚವನ್ನು ಬಾಗಿಲಲ್ಲೇ ತಡೆದರು. ಸಿಬ್ಬಂದಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಆ ದೇಶದವರೇ.

ಅವರ ಮೇಲೆ ಬಂದ ಟೀಕೆಯನ್ನೂ ನಿಮ್ಮ ಅಣ್ಣ ತಿಳಿದಿರಬೇಕು. ಬಡ ದೇಶಕ್ಕೆ ಇಷ್ಟು ದುಬಾರಿ ವೈದ್ಯಕೀಯ ಸಲ್ಲದು, ನಾಳೆ ಇದನ್ನು ನಡೆಸುವವರು ಯಾರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ವಲಯದಿಂದಲೇ ಆಕ್ಷೇಪ ಬಂತು. ನಾಳೆಯ ಚಿಂತೆ ನ್ಯಾಯವಾದದ್ದೇ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಮಕ್ಕಳ ಕ್ಷಯ ಎಷ್ಟೋ ಬಾರಿ ಸಾಮಾನ್ಯ ಎಕ್ಸ್-ರೇಯಲ್ಲಿ ಕಾಣುವುದಿಲ್ಲ, ಅದಕ್ಕೆ ಸಿಟಿ ಸ್ಕ್ಯಾನ್ ಬೇಕು ಎಂದು ಅವರು ಪಟ್ಟುಹಿಡಿದರು. ಮೂಳೆಮಜ್ಜೆಗೆ ಹಾನಿ ಮಾಡಬಹುದೆಂದು ಶ್ರೀಮಂತ ದೇಶಗಳು ದೂರವಿಟ್ಟ ಕ್ಲೋರಂಫೆನಿಕಾಲ್ ಎಂಬ ಆ್ಯಂಟಿಬಯೋಟಿಕ್ ಔಷಧ ಅಗ್ಗವೆಂಬ ಕಾರಣಕ್ಕೆ ಬಡವರ ಮಕ್ಕಳಿಗೆ ಸಾಕೆಂಬ ಧೋರಣೆಯನ್ನು ಬಹಿರಂಗವಾಗಿ ಖಂಡಿಸಿದರು. ರಕ್ತದ ಮೂಲಕ ಹರಡಿ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ಸೋಂಕಿಗಾಗಿ ದಾನದ ರಕ್ತದ ಪರೀಕ್ಷೆ ಆಗಲೇಬೇಕು ಎಂದರು. ಈ ಮಾತು ನನಗೆ ನೇರವಾಗಿ ತಾಗುತ್ತದೆ. ನಮ್ಮ ದೇಶದಲ್ಲಿ ಈ ಪರೀಕ್ಷೆ ಕಡ್ಡಾಯವಾಗಿ ಜಾರಿಗೆ ಬಂದದ್ದು 2001ರಲ್ಲಿ. ನಾನು ಕೆಲಸಕ್ಕೆ ಸೇರಿದ್ದು ಅದಕ್ಕೆ ಮೂರು ವರ್ಷ ಮೊದಲು. ಆ ಮೂರು ವರ್ಷ ನನ್ನ ಕೈಯಿಂದ ಹೋದ ಚೀಲಗಳ ನೆನಪು ಈಗಲೂ ಕೊರೆಯುತ್ತದೆ. ಬಡ ಮಗುವಿಗೆ ಎರಡನೇ ದರ್ಜೆಯ ಔಷಧ ಸಾಕು ಎನ್ನುವವರ ಮುಂದೆ ಎದ್ದು ನಿಂತು ಸಾಲದು ಎಂದ ಮನುಷ್ಯನಿಗೆ ನಾನು ಕೈಮುಗಿಯುತ್ತೇನೆ.

ಆಸ್ಪತ್ರೆಗೆ ಜಯವರ್ಮನ್ ಎಂಬ ಹೆಸರಿಟ್ಟದ್ದೂ ಸುಮ್ಮನೆ ಅಲ್ಲ. 12ನೇ ಶತಮಾನದ ಕೊನೆಯಲ್ಲಿ ಆಳಿದ ಆ ಅರಸನ ಕಾಲದ 102 ಆಸ್ಪತ್ರೆಗಳನ್ನು ಶಾಸನ ಹೇಳುತ್ತದೆ. ಪ್ರಜೆಗಳ ಮೈಯ ರೋಗ ಅರಸನ ಮನಸ್ಸಿನ ರೋಗವಾಗಿ ಇನ್ನೂ ಹೆಚ್ಚು ನೋಯಿಸಿತು, ನಾಡಿನ ದುಃಖವೇ ದೊರೆಯ ದುಃಖ ಎಂಬ ಅರ್ಥದ ಸಂಸ್ಕೃತ ಶ್ಲೋಕ ಅವನ ಆಸ್ಪತ್ರೆ ಶಾಸನಗಳಲ್ಲಿದೆ. ಎಂಟು ನೂರು ವರ್ಷಗಳ ಹಿಂದಿನ ಆ ಸಾಲು ಓದಿದಾಗ ನನಗೆ ಕಣ್ಣು ಮಂಜಾಯಿತು.

ಸೇವೆಗೆ ಇಳಿದರೆ ವೈದ್ಯಕೀಯ ಕೈಬಿಟ್ಟಂತೆ ಎಂದು ನಿಮ್ಮ ಪ್ರಶ್ನೆಯಲ್ಲಿ ಆತಂಕವಿದೆ. ರಿಖ್ನರ್ ವೈದ್ಯಕೀಯ ಬಿಡಲಿಲ್ಲ, ಬಿಟ್ಟದ್ದು ನೆಮ್ಮದಿಯನ್ನು. ಹಗಲು ಆಸ್ಪತ್ರೆ, ವಾರಾಂತ್ಯದಲ್ಲಿ ಸೆಲ್ಲೊ, ಸ್ವಿಟ್ಜರ್ಲೆಂಡಿಗೆ ಹೋದಾಗಲೂ ಸಭೆಗಳಲ್ಲಿ ಹಣಕ್ಕಾಗಿ ಮೊರೆ. ಖರ್ಚಿನ ಬಹುಪಾಲು ಬಂದದ್ದು ಅಲ್ಲಿನ ಜನಸಾಮಾನ್ಯರ ಜೇಬಿನಿಂದ. ಕಾಲು ಶತಮಾನ ಅವರು ಜೋಳಿಗೆ ಕೆಳಗಿಡಲಿಲ್ಲ. 2017ರಲ್ಲಿ ಕಾಯಿಲೆ ಅವರನ್ನು ಕೆಲಸದಿಂದ ಬಿಡಿಸಿತು. 2018ರ ಸೆಪ್ಟೆಂಬರ್ 9ರಂದು, 71ನೇ ವಯಸ್ಸಿನಲ್ಲಿ, ತೀರಿಕೊಂಡರು. ಆಸ್ಪತ್ರೆಗಳು ಮುಚ್ಚಲಿಲ್ಲ. 2017ರಿಂದ ಆಂಕೋರ್‌ನ ಪ್ರತಿ ಪ್ರವೇಶ ಟಿಕೆಟ್‌ನಲ್ಲಿ ಎರಡು ಡಾಲರ್ ಕಂಥಾ ಬೊಫಾಕ್ಕೆ ಸೇರುತ್ತಿದೆ.

ನಿಮ್ಮ ಅಣ್ಣನನ್ನು ತಡೆಯಬೇಡಿ. ಆದರೆ ಕ್ಲಿನಿಕ್ ಮುಚ್ಚುವ ಮೊದಲು ಎರಡು ವಿಷಯ ಕೇಳಿ. ವರ್ಷಗಟ್ಟಲೆ, ಸಂಕೋಚವಿಲ್ಲದೆ, ಅಪರಿಚಿತರ ಮುಂದೆ ಹಣ ಕೇಳಲು ಅವರಿಗೆ ಸಾಧ್ಯವೇ? ಅವರು ಹೋಗಬೇಕೆಂದಿರುವ ಊರಿಗೆ ಹತ್ತಿರದ ರಕ್ತನಿಧಿ ಎಷ್ಟು ದೂರ, ರಾತ್ರಿ ಎರಡು ಗಂಟೆಗೆ ಅಲ್ಲಿ ಬಾಗಿಲು ತೆರೆಯುತ್ತಾರೆಯೇ? ಎರಡನೆಯದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಊರಿನ ಹೆಸರನ್ನು ಇಲ್ಲಿ ಬರೆಯಿರಿ, ವಿಚಾರಿಸಿ ಹೇಳುತ್ತೇನೆ.