ಕಾರ್ಡ್ ಇದ್ದರೂ ಬ್ಯಾಂಕಿನ ಯಂತ್ರ ಪಿನ್ ಏಕೆ ಕೇಳುತ್ತದೆ?

ಮುಖ ನೋಡಿ ಗುರುತು ಹಿಡಿಯಲಾರದ ಯಂತ್ರಕ್ಕೆ, ಕಾರ್ಡ್ ಹಿಡಿದು ಬಂದವರೇ ಖಾತೆದಾರರೆಂದು ಖಾತ್ರಿಯಾಗಬೇಕಾದುದರಿಂದ ಪಿನ್, ಅಂದರೆ ನಿಮಗೆ ಮಾತ್ರ ಗೊತ್ತಿರುವ ಗುಪ್ತಸಂಖ್ಯೆಯನ್ನು ಕೇಳಲಾಗುತ್ತದೆ. ಮಂಡ್ಯದ ಸಂತೆಯಲ್ಲಿ ಪರ್ಸ್ ಕಳೆದುಹೋದರೆ ಕಾರ್ಡ್ ಇನ್ನೊಬ್ಬರ ಪಾಲಾಗಬಹುದು. ಆದರೆ ನೆನಪಿನಲ್ಲಿರುವ ಸಂಖ್ಯೆ ಅದರ ಜೊತೆ ಹೋಗುವುದಿಲ್ಲ (ಕಾರ್ಡಿನ ಹಿಂಬದಿಯಲ್ಲೇ ಬರೆದಿಟ್ಟುಕೊಳ್ಳುವವರ ಮಾತು ಬೇರೆ). ನಾಲ್ಕು ಅಂಕಿಗಳಿಂದ 10,000 ಸಂಖ್ಯೆಗಳಷ್ಟೇ ಸಾಧ್ಯವಾದರೂ, ಸಾಮಾನ್ಯವಾಗಿ ಮೂರು ಬಾರಿ ತಪ್ಪಾದೊಡನೆ ಬ್ಯಾಂಕು ಕಾರ್ಡನ್ನು ತಡೆಹಿಡಿಯುವುದರಿಂದ, ಊಹೆಯಿಂದ ಹಣ ತೆಗೆಯುವುದು ಬಲು ಕಷ್ಟ. ಅಂಗಡಿಯಲ್ಲಿ ಕಾರ್ಡನ್ನು ಯಂತ್ರಕ್ಕೆ ತಾಕಿಸಿ ಪಾವತಿಸುವಾಗ ಮಾತ್ರ 5,000 ರೂಪಾಯಿವರೆಗೆ ಪಿನ್ ಬೇಕಾಗದಿರಬಹುದು. ಪಿನ್ ಅನ್ನು ಯಂತ್ರದಲ್ಲಿ ನೀವೇ ಒತ್ತಬೇಕು. ಬ್ಯಾಂಕಿನ ಸಿಬ್ಬಂದಿ ಎದುರಿಗಾಗಲಿ ಫೋನಿನಲ್ಲಾಗಲಿ ಅದನ್ನು ಕೇಳುವಂತಿಲ್ಲ.